ಘಟ್ಟದ ಕಾಲಿಗೆ ಹಿಮದ ಪಾಠ: ಮಲೆನಾಡಿನ ಚಾರಣಿಗರಿಗೆ ಹಿಮಾಲಯದ ಸಿದ್ಧತೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಈ ಸೀಮೆಯ ಜನರು ದೊಡ್ಡ ಬೆಟ್ಟವೆಂದು ತೋರಿಸುವ ಕೊಡಚಾದ್ರಿಯ ಎತ್ತರ 1,343 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯದು ಸುಮಾರು 1,930 ಮೀಟರ್. ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರಿನಿಂದ ಮೇಲಕ್ಕೆ. ಹೀಗಾಗಿ ರಾಜ್ಯದೊಳಗಿನ ಎಲ್ಲ ಬೆಟ್ಟಗಳನ್ನು ಹತ್ತಿ ಇಳಿದವರಿಗೂ ತಮ್ಮ ದೇಹ ಹಿಮಾಲಯದ ತೆಳು ಗಾಳಿಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ನೋಡುವ ಅವಕಾಶವಿಲ್ಲ. ಮಲೆನಾಡಿನಲ್ಲಿ ಸಿದ್ಧಗೊಳಿಸಿಕೊಳ್ಳಬಹುದಾದುದು ಕಾಲಿನ ಬಲ, ಹೊರೆ ಹೊರುವ ಅಭ್ಯಾಸ, ಒದ್ದೆಯನ್ನು ನಿಭಾಯಿಸುವ ಜಾಣ್ಮೆ ಮತ್ತು ಅಪಾಯದ ಮುಂದೆ ಕಾಯುವ ತಾಳ್ಮೆ. ಎತ್ತರ, ಶುಷ್ಕ ಚಳಿ ಮತ್ತು ಹಿಮ ಎಂಬ ಮೂರನ್ನು ಅಲ್ಲಿಗೆ ಹೋಗಿಯೇ, ನಿಧಾನವಾಗಿ, ಬಲ್ಲವರ ಜೊತೆಯಲ್ಲಿ ಕಲಿಯಬೇಕಾಗುತ್ತದೆ. ಮನೆಯಲ್ಲಿ ಮುಗಿಸಬಹುದಾದ ಸಿದ್ಧತೆ ಯಾವುದು, ಬೆಟ್ಟದಲ್ಲಿಯೇ ಆಗಬೇಕಾದದ್ದು ಯಾವುದು ಎಂಬ ಈ ವಿಂಗಡಣೆಯ ಮೇಲೆಯೇ ಯಾವುದೇ ಹಿಮಯಾತ್ರೆಯ ಯೋಜನೆ ನಿಲ್ಲಬೇಕು.

ಋತುವಿನ ಬಗೆಗಿನ ತಪ್ಪು ಎಣಿಕೆ

ಬೇಸಿಗೆಯಲ್ಲಿ ಹೋದರೆ ಹಿಮಾಲಯ ಅಪಾಯಕಾರಿಯಲ್ಲ ಎಂಬ ನಂಬಿಕೆ ದಕ್ಷಿಣದ ಚಾರಣಿಗರಲ್ಲಿ ವ್ಯಾಪಕವಾಗಿದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಸರೋವರ ಪ್ರದೇಶದಲ್ಲಿ ನಡೆದ ದುರಂತ ಈ ನಂಬಿಕೆಯನ್ನು ಅಲ್ಲಗಳೆಯಿತು. ಕರ್ನಾಟಕದ 18 ಮಂದಿ, ಮಹಾರಾಷ್ಟ್ರದ ಒಬ್ಬರು ಮತ್ತು ಸ್ಥಳೀಯರಾದ ಮೂವರು ಮಾರ್ಗದರ್ಶಕರಿದ್ದ 22 ಜನರ ತಂಡವು 4,000 ಮೀಟರಿಗೂ ಮೇಲೆ ಹಿಮಗಾಳಿಗೆ ಸಿಲುಕಿ, ಒಂಬತ್ತು ಚಾರಣಿಗರು ಪ್ರಾಣ ಕಳೆದುಕೊಂಡರು. ಉಳಿದ 13 ಮಂದಿಯನ್ನು ವಾಯುಪಡೆ ಮತ್ತು ರಾಜ್ಯ ವಿಪತ್ತು ಸ್ಪಂದನಾ ಪಡೆಯ ನೆರವಿನಿಂದ ಕೆಳಗೆ ಕರೆತರಲಾಯಿತು. ಮಲೆನಾಡಿನಲ್ಲಿ ಮುಂಗಾರಿಗೆ ಕಾಯುತ್ತಿರುವ ದಿನಗಳಲ್ಲಿಯೇ ಆ ಎತ್ತರದಲ್ಲಿ ಹಿಮ ಬೀಳಬಹುದು, ಮಧ್ಯಾಹ್ನದ ಬಿಸಿಲು ಕೆಲವೇ ನಿಮಿಷಗಳಲ್ಲಿ ಮಂಜಾಗಿ, ದಾರಿ ಕಾಣದ ಬಿಳುಪಾಗಿ ಬದಲಾಗಬಹುದು ಎಂಬುದನ್ನು ಯೋಜನೆಯ ಆರಂಭದಲ್ಲಿಯೇ ಒಪ್ಪಿಕೊಳ್ಳಬೇಕು.

ಇದಕ್ಕೆ ಸರಳವಾದ ಭೌತಿಕ ಕಾರಣವಿದೆ. ಸರಾಸರಿಯಾಗಿ ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಇದರ ಜೊತೆಗೆ ಬೀಸುಗಾಳಿಯು ಚರ್ಮದ ಸುತ್ತಲಿನ ಬೆಚ್ಚಗಿನ ಗಾಳಿಯ ತೆಳು ಹೊದಿಕೆಯನ್ನು ಕಿತ್ತೊಯ್ಯುವುದರಿಂದ, ಉಷ್ಣಮಾಪಕ ಸೊನ್ನೆ ಡಿಗ್ರಿ ತೋರಿಸುತ್ತಿದ್ದರೂ ದೇಹಕ್ಕೆ ಅದಕ್ಕಿಂತ ಹೆಚ್ಚಿನ ಚಳಿ ತಟ್ಟುತ್ತದೆ.

ಎತ್ತರದ ಕಾಯಿಲೆ

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಎತ್ತರಗಳಲ್ಲಿಯೂ ಸುಮಾರು ಶೇ 21 ಇರುತ್ತದೆ; ಮೇಲೇರಿದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್ ನಗರವಿರುವ 3,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಮೂರನೇ ಎರಡರಷ್ಟಕ್ಕೂ, 5,500 ಮೀಟರ್ ಸುಮಾರಿಗೆ ಅರ್ಧಕ್ಕೂ ಇಳಿಯುವುದರಿಂದ, ಒಂದೊಂದು ಉಸಿರಿನಲ್ಲಿ ಶ್ವಾಸಕೋಶಕ್ಕೆ ದಕ್ಕುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಕೆಲವು ದಿನಗಳ ಅವಧಿಯಲ್ಲಿ ದೇಹವು ಉಸಿರಾಟದ ವೇಗ ಹೆಚ್ಚಿಸಿ, ರಕ್ತದ ಗುಣವನ್ನು ಬದಲಿಸಿಕೊಂಡು ಈ ಕೊರತೆಗೆ ಹೊಂದಿಕೊಳ್ಳುತ್ತದೆ. ಇದನ್ನೇ ಎತ್ತರಕ್ಕೆ ಒಗ್ಗಿಕೊಳ್ಳುವುದು ಎನ್ನುತ್ತಾರೆ. ಒಗ್ಗಿಕೊಳ್ಳಲು ಬೇಕಾದ ಕಾಲವನ್ನು ಕೊಡದೆ ಏರಿದಾಗ ಕಾಯಿಲೆ ಬರುತ್ತದೆ, ಅದು ಯಾರಿಗೆ ಬರುತ್ತದೆ ಎಂಬುದನ್ನು ವಯಸ್ಸಾಗಲಿ ಮೈಕಟ್ಟಾಗಲಿ ಮೊದಲೇ ಹೇಳುವುದಿಲ್ಲ. 1962ರ ಯುದ್ಧದ ಸಂದರ್ಭದಲ್ಲಿ ಬಯಲುಸೀಮೆಯಿಂದ ನೇರವಾಗಿ ಎತ್ತರದ ಗಡಿಗೆ ಸಾಗಿಸಲ್ಪಟ್ಟ ದೃಢಕಾಯದ ಭಾರತೀಯ ಸೈನಿಕರಲ್ಲಿ ಈ ಕಾಯಿಲೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು; ಆ ವರ್ಷಗಳಲ್ಲಿ ಸೇನೆಯ ವೈದ್ಯರು ನಡೆಸಿದ ಅಧ್ಯಯನಗಳು ಇಂದಿಗೂ ಈ ವಿಷಯದ ಮೂಲ ಆಕರಗಳಲ್ಲಿ ಸೇರಿವೆ.

ಕಾಯಿಲೆಗೆ ಮೂರು ರೂಪಗಳಿವೆ. ಮೊದಲನೆಯದಾದ ಸಾಮಾನ್ಯ ಎತ್ತರದ ಕಾಯಿಲೆಯಲ್ಲಿ ಹೊಸ ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಗಳೊಳಗೆ ತಲೆನೋವು, ವಾಕರಿಕೆ, ತಲೆಸುತ್ತು, ಅತಿಯಾದ ಆಯಾಸ ಆರಂಭವಾಗುತ್ತವೆ. ಅದೇ ಎತ್ತರದಲ್ಲಿ ಒಂದೆರಡು ದಿನ ವಿಶ್ರಾಂತಿ ಪಡೆದರೆ ಹೆಚ್ಚಿನವರಲ್ಲಿ ಇದು ಶಮನವಾಗುತ್ತದೆ. ಎರಡನೆಯದು ಮಿದುಳಿನ ಊತ. ರೋಗಿಯು ಕುಡಿದವನಂತೆ ತೂರಾಡುತ್ತಾನೆ, ಮಾತು ತೊದಲುತ್ತದೆ, ಸ್ಥಳಕಾಲಗಳ ಅರಿವು ತಪ್ಪುತ್ತದೆ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ ಈ ಸ್ಥಿತಿಯನ್ನು ಶಂಕಿಸಬೇಕು. ಮೂರನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು. ಕುಳಿತಲ್ಲಿಯೇ ಏದುಸಿರು, ನಿಲ್ಲದ ಕೆಮ್ಮು, ನಸುಗೆಂಪು ನೊರೆಯ ಕಫ ಇದರ ಗುರುತುಗಳು. ಕೊನೆಯ ಎರಡೂ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲವಾದ್ದರಿಂದ, ಬೆಳಗಾಗುವವರೆಗೆ ನೋಡೋಣ ಎನ್ನದೆ, ರಾತ್ರಿಯಾದರೂ ರೋಗಿಯನ್ನು ಕೆಳಗಿಳಿಸಬೇಕು. ಆಮ್ಲಜನಕ ಮತ್ತು ಔಷಧಿಗಳು ಇಳಿಯುವ ದಾರಿಯ ಆಸರೆಗಳಾಗುತ್ತವೆಯೇ ಹೊರತು ಇಳಿಯುವುದಕ್ಕೆ ಬದಲಿಯಾಗುವುದಿಲ್ಲ.

ತಡೆಗಟ್ಟುವ ನಿಯಮ ಮಲಗುವ ಎತ್ತರಕ್ಕೆ ಸಂಬಂಧಿಸಿದ್ದು. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿ ಮಲಗಿದ ಸ್ಥಳಕ್ಕಿಂತ ಮರುರಾತ್ರಿ ಮಲಗುವ ಸ್ಥಳ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ತಂಗಬೇಕು. ಹಗಲಿನಲ್ಲಿ ಹೆಚ್ಚು ಎತ್ತರಕ್ಕೆ ಹೋಗಿ ಕೆಳಗೆ ಬಂದು ಮಲಗುವುದು ತಪ್ಪಲ್ಲ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ಕೊಡಚಾದ್ರಿಯ ನಡಿಗೆಯಲ್ಲಿ ಇಂತಹ ಲೆಕ್ಕದ ಅಗತ್ಯವೇ ಬೀಳದ ಕಾರಣ, ಮಲೆನಾಡಿನ ಬಲಿಷ್ಠ ನಡಿಗೆಗಾರರೇ ಅಲ್ಲಿ ವೇಗದಿಂದ ಏರಿ ಬೇಗ ಕಾಯಿಲೆ ಬೀಳುವ ಸಂಭವವಿರುತ್ತದೆ. ಬೆಂಗಳೂರಿನಿಂದ ದೆಹಲಿಯ ಮೂಲಕ ಲೇಹ್‌ಗೆ ವಿಮಾನದಲ್ಲಿ ಹೋಗುವವರು ಒಂದೇ ದಿನದಲ್ಲಿ ಸುಮಾರು 2,500 ಮೀಟರ್ ಏರಿರುತ್ತಾರೆ. ಮೊದಲ ಎರಡು ದಿನ ಅವರು ಪೂರ್ಣ ವಿಶ್ರಾಂತಿಯಲ್ಲಿರುವುದು ಕಡ್ಡಾಯವೆಂದೇ ತಿಳಿಯಬೇಕು. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಮಾತ್ರೆ ಒಗ್ಗಿಕೊಳ್ಳುವ ಕ್ರಿಯೆಯನ್ನು ಚುರುಕುಗೊಳಿಸುತ್ತದೆಯಾದರೂ ಸಲ್ಫಾ ಔಷಧಿಗಳಿಗೆ ಅಲರ್ಜಿ ಇರುವವರಿಗೆ ಅದು ಹಾನಿ ಮಾಡಬಹುದಾದ್ದರಿಂದ, ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ರಕ್ತದೊತ್ತಡ, ಹೃದಯದ ತೊಂದರೆ, ಉಬ್ಬಸ, ರಕ್ತಹೀನತೆ ಇರುವವರು ಹೊರಡುವ ಎರಡು ತಿಂಗಳು ಮೊದಲೇ ತಪಾಸಣೆ ಮಾಡಿಸಿಕೊಳ್ಳುವುದು ಉಚಿತ.

ದೇಹತಾಪದ ಕುಸಿತ ಮತ್ತು ಹಿಮಕಡಿತ

ದೇಹದ ಒಳಭಾಗದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ದೇಹತಾಪದ ಕುಸಿತ ಅಥವಾ ಹೈಪೊಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹಿಮವೇ ಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ, ಹಸಿವು ಮತ್ತು ದಣಿವು ಒಟ್ಟಾದರೆ ಸೊನ್ನೆಗಿಂತ ಮೇಲಿನ ಉಷ್ಣಾಂಶದಲ್ಲಿಯೂ ಇದು ಸಂಭವಿಸುತ್ತದೆ. ಮೊದಲು ತಡೆಯಲಾಗದ ನಡುಕ, ಬಳಿಕ ಗುಂಡಿ ಹಾಕಲೂ ಆಗದ ಬೆರಳುಗಳು, ಎಡವುವ ಕಾಲು, ತೊದಲುವ ಮಾತು ಎಂಬ ಕ್ರಮದಲ್ಲಿ ಇದು ಮುಂದುವರಿಯುತ್ತದೆ. ಬೆಚ್ಚಗಾಗದೆಯೇ ನಡುಕ ನಿಂತರೆ ಅದನ್ನು ಚೇತರಿಕೆಯೆಂದು ಭಾವಿಸದೆ, ದೇಹ ಸೋಲುತ್ತಿರುವ ಸೂಚನೆಯೆಂದು ತಿಳಿಯಬೇಕು. ಅಂಥವರನ್ನು ಗಾಳಿಗೆ ಮರೆಮಾಡಿ, ಒದ್ದೆ ಬಟ್ಟೆ ತೆಗೆದು, ನೆಲದ ತಂಪು ತಟ್ಟದಂತೆ ಚಾಪೆ ಹಾಸಿ, ಮಲಗುಚೀಲದಲ್ಲಿ ಸುತ್ತಿ, ಪ್ರಜ್ಞೆ ಸರಿಯಾಗಿದ್ದರೆ ಬಿಸಿಯಾದ ಸಿಹಿ ಪಾನೀಯ ಕುಡಿಸಬೇಕು. ಕೈಕಾಲು ತಿಕ್ಕುವುದು, ಮದ್ಯ ಕೊಡುವುದು ಎರಡೂ ಅಪಾಯಕಾರಿ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿಯ ಭ್ರಮೆ ಹುಟ್ಟಿಸುತ್ತದೆ, ಒಳಗಿನ ಶಾಖವನ್ನು ಮಾತ್ರ ಹೊರಕ್ಕೆ ಚೆಲ್ಲುತ್ತದೆ.

ಹಿಮಕಡಿತವೆಂದರೆ ಬೆರಳು, ಮೂಗು, ಕಿವಿ ಮೊದಲಾದ ಭಾಗಗಳ ಅಂಗಾಂಶವೇ ಹೆಪ್ಪುಗಟ್ಟುವುದು. ಚರ್ಮ ಬಿಳಿಚಿ ಮೇಣದಂತಾಗಿ ಸ್ಪರ್ಶ ತಿಳಿಯದಿದ್ದರೆ ಆ ಭಾಗವನ್ನು ಉಜ್ಜದೆ, ಬೆಂಕಿಗೆ ಹಿಡಿಯದೆ, ಮತ್ತೆ ಹೆಪ್ಪುಗಟ್ಟುವ ಸಂಭವವಿಲ್ಲದ ಸ್ಥಳ ತಲುಪಿದ ಮೇಲೆಯೇ 37ರಿಂದ 39 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಕರಗಿಸಬೇಕು. ಕವಳದ ಜೊತೆ ಹೊಗೆಸೊಪ್ಪು ಹಾಕುವವರು ಮತ್ತು ಬೀಡಿ, ಸಿಗರೇಟು ಸೇದುವವರು ತಿಳಿದಿರಬೇಕಾದ ಸಂಗತಿಯೆಂದರೆ, ನಿಕೋಟಿನ್ ಬೆರಳ ತುದಿಯ ರಕ್ತನಾಳಗಳನ್ನು ಕುಗ್ಗಿಸಿ ಹಿಮಕಡಿತದ ಅಪಾಯವನ್ನು ಹೆಚ್ಚಿಸುತ್ತದೆ. ಈ ಅಭ್ಯಾಸವನ್ನು ಚಾರಣಕ್ಕೆ ಬಹಳ ಮೊದಲೇ ಬಿಡುವುದು ಒಳ್ಳೆಯದು. ಹೊಸ ಹಿಮವು ಸೂರ್ಯನ ನೇರಳಾತೀತ ಕಿರಣಗಳ ಶೇ 80ರಷ್ಟನ್ನು ಪ್ರತಿಫಲಿಸಬಲ್ಲದು. ಆದ್ದರಿಂದ ಪಕ್ಕಗಳೂ ಮುಚ್ಚುವ ಕಡುಬಣ್ಣದ ಕನ್ನಡಕವಿಲ್ಲದೆ ಹಿಮದ ಮೇಲೆ ಕೆಲವು ಗಂಟೆ ನಡೆದರೂ ಕಣ್ಣು ಉರಿದು ತಾತ್ಕಾಲಿಕ ಕುರುಡು ಬರಬಹುದು.

ಕಂಬಳಿಕೊಪ್ಪೆಯಿಂದ ಪದರುಡುಪಿಗೆ

ಮಳೆಗಾಲದ ಗದ್ದೆ, ತೋಟಗಳ ಕೆಲಸಕ್ಕೆ ಮಲೆನಾಡಿಗರು ಬಳಸುತ್ತಿದ್ದ ಕಂಬಳಿಕೊಪ್ಪೆಯ ಹಿಂದಿರುವ ತಿಳಿವಳಿಕೆಯೇ ಹಿಮಾಲಯದ ಉಡುಪಿಗೂ ಆಧಾರವಾಗಿದೆ. ಉಣ್ಣೆ ನೆನೆದರೂ ಒಂದಿಷ್ಟು ಶಾಖವನ್ನು ಹಿಡಿದಿಡುತ್ತದೆ. ಹತ್ತಿ ನೆನೆದರೆ ನೀರನ್ನು ಹೀರಿಕೊಂಡು ಮೈಗಂಟಿ ಶಾಖವನ್ನು ಸೆಳೆಯುತ್ತದೆ. ಆದ್ದರಿಂದ ಹತ್ತಿಯ ಬನಿಯನ್ನು, ಜೀನ್ಸ್ ಪ್ಯಾಂಟನ್ನು ಮನೆಯಲ್ಲಿಯೇ ಬಿಟ್ಟು ಮೂರು ಪದರಗಳಲ್ಲಿ ಉಡುಪನ್ನು ಹೊಂದಿಸಿಕೊಳ್ಳಬೇಕು. ಬೆವರನ್ನು ಹೊರಕ್ಕೆ ಸಾಗಿಸುವ ಉಣ್ಣೆಯ ಅಥವಾ ಕೃತಕ ನೂಲಿನ ಒಳಪದರ, ಗಾಳಿಯನ್ನು ಹಿಡಿದಿಟ್ಟು ಶಾಖ ಕಾಯುವ ಫ್ಲೀಸ್ ಅಥವಾ ಪುಕ್ಕದ ಜಾಕೆಟ್ಟಿನ ನಡುಪದರ, ಗಾಳಿ ಮತ್ತು ನೀರನ್ನು ತಡೆಯುವ ಹೊರಪದರ ಎಂಬುವು ಅವು. ನಡೆಯುವಾಗ ಬೆವರದಷ್ಟು ಕಡಿಮೆ ತೊಟ್ಟು, ನಿಂತ ಕೂಡಲೇ ಒಂದು ಪದರ ಹೆಚ್ಚಿಸುವುದು ಇದರ ಮರ್ಮ. ಏರುವಾಗ ಬೆವರಿನಿಂದ ನೆನೆದ ಬಟ್ಟೆ ತಂಗುದಾಣದಲ್ಲಿ ಮಂಜುಗಡ್ಡೆಯ ಹೊದಿಕೆಯಾಗುತ್ತದೆ.

ಕಾಲಿಗೆ ಸಂಬಂಧಿಸಿದಂತೆ, ಕಣಕಾಲನ್ನು ಮುಚ್ಚುವ ನೀರುನಿರೋಧಕ ಬೂಟನ್ನು ಹೊರಡುವ ಎರಡು ತಿಂಗಳ ಮೊದಲೇ ಕೊಂಡು ಊರಿನ ದಾರಿಗಳಲ್ಲಿ ನಡೆದು ಹದಗೊಳಿಸಬೇಕು. ಹಿಮ ಬೂಟಿನೊಳಗೆ ಹೋಗದಂತೆ ಮೊಣಕಾಲಿನವರೆಗೆ ಕಟ್ಟುವ ಗೇಟರ್ ಎಂಬ ಹೊದಿಕೆಯು ಉಂಬಳ ಹತ್ತದಂತೆ ಮಲೆನಾಡಿನ ಚಾರಣಿಗರು ತೊಡುವ ಉದ್ದ ಕಾಲುಚೀಲವನ್ನು ಹೋಲುತ್ತದೆ. ಗಟ್ಟಿ ಹಿಮದ ಮೇಲೆ ಬೂಟಿಗೆ ಸಿಕ್ಕಿಸುವ ಸಣ್ಣ ಮುಳ್ಳುಗಳ ಸರಪಳಿಗೆ ಮೈಕ್ರೋಸ್ಪೈಕ್ ಎಂದೂ, ಕಡಿದಾದ ಮಂಜುಗಡ್ಡೆಗೆ ಬೇಕಾಗುವ ಉದ್ದ ಹಲ್ಲುಗಳ ಚೌಕಟ್ಟಿಗೆ ಕ್ರಾಂಪನ್ ಎಂದೂ ಹೆಸರು. ಎರಡನೆಯದನ್ನು ತರಬೇತಿಯಿಲ್ಲದೆ ಕಟ್ಟಿಕೊಂಡರೆ ಸ್ವಂತ ಕಾಲಿಗೇ ಗಾಯವಾಗುವ ಸಂಭವ ಹೆಚ್ಚು. ಮಲಗುಚೀಲ ಕೊಳ್ಳುವಾಗ ಅದರ ಮೇಲೆ ನಮೂದಿಸಿರುವ ಎರಡು ಉಷ್ಣಾಂಶಗಳಲ್ಲಿ ಸುಖವಾಗಿ ನಿದ್ರಿಸಬಹುದಾದ ಮಟ್ಟವನ್ನೇ ಗಣಿಸಬೇಕು, ತಡೆದುಕೊಳ್ಳಬಹುದಾದ ಕೊನೆಯ ಮಟ್ಟವನ್ನು ನಂಬಬಾರದು. ಚಳಿಯಲ್ಲಿ ಬ್ಯಾಟರಿಗಳು ಬೇಗ ಸೊರಗುವುದರಿಂದ ರಾತ್ರಿ ಫೋನು ಮತ್ತು ಹಣೆದೀಪದ ಬ್ಯಾಟರಿಗಳನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳಬೇಕು.

ಆಹಾರದ ವಿಷಯದಲ್ಲಿ ಊರಿನ ಅಡುಗೆಮನೆಯೇ ನೆರವಿಗೆ ಬರುತ್ತದೆ. 4,000 ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯುವುದು ಕಷ್ಟ, ಹಸಿವೂ ಅಲ್ಲಿ ಮಂಕಾಗುತ್ತದೆ. ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಬೆಲ್ಲ, ಶೇಂಗಾ ಚಿಕ್ಕಿ, ಹುರಿಹಿಟ್ಟಿನ ಉಂಡೆಗಳು ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಕೊಡುತ್ತವೆ. ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಡಬ್ಬಿಯೊಂದು ಊಟ ಸೇರದ ನಾಲಿಗೆಗೆ ರುಚಿ ತರುತ್ತದೆ. ಬಾಯಾರಿಕೆ ಕಾಣದಿದ್ದರೂ ದಿನಕ್ಕೆ ಮೂರು ನಾಲ್ಕು ಲೀಟರ್ ದ್ರವ ಒಳಗೆ ಹೋಗಬೇಕು.

ಊರಿನಲ್ಲಿ ಮೂರು ತಿಂಗಳ ಅಭ್ಯಾಸ

ಅಡಿಕೆ ಕೊಯ್ಲು ಮುಗಿದು ಮಳೆಗಾಲದ ಕೆಲಸ ಆರಂಭವಾಗುವವರೆಗಿನ ಬಿಡುವು ಮೇ ತಿಂಗಳ ಹಿಮಾಲಯ ಚಾರಣದ ಅಭ್ಯಾಸಕ್ಕೆ ಹೊಂದುತ್ತದೆ. ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆಯ ಬಿರುನಡಿಗೆ ಅಥವಾ ನಿಧಾನ ಓಟ, ಎರಡನೆಯ ತಿಂಗಳು ಅದರ ಜೊತೆಗೆ ವಾರಕ್ಕೊಮ್ಮೆ ಕುಂದಾದ್ರಿಯ ಏರು ಅಥವಾ ಕವಲೇದುರ್ಗದ ಕಲ್ಲುದಾರಿ, ಮೂರನೆಯ ತಿಂಗಳು ಎಂಟರಿಂದ ಹತ್ತು ಕಿಲೋ ಹೊರೆಯೊಡನೆ ಕೊಡಚಾದ್ರಿಯಂತಹ ಇಡೀ ದಿನದ ನಡಿಗೆ ಎಂಬಂತೆ ಶ್ರಮವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಐದು ಕಿಲೋಮೀಟರ್ ದೂರವನ್ನು 35ರಿಂದ 40 ನಿಮಿಷಗಳಲ್ಲಿ ದಣಿಯದೆ ಓಡಿ ಮುಗಿಸುವುದು ಸಾಧಾರಣ ಚಾರಣಕ್ಕೆ ಸಾಕೆನಿಸುವ ಗುರಿ. ಏರುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟವಾಗುವುದರಿಂದ ಇಳಿದಾರಿಯ ಅಭ್ಯಾಸವನ್ನೂ ಹೊರೆಯೊಡನೆಯೇ ಮಾಡಬೇಕು.

ಈ ಅಭ್ಯಾಸಕಾಲವು ಮಂಗನ ಕಾಯಿಲೆಯ ಕಾಲವೂ ಆಗಿದೆ ಎಂಬುದನ್ನು ಹೊರಗಿನಿಂದ ಬರುವ ಚಾರಣಿಗರು ಅರಿತಿರುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಜೀವಹಾನಿ ಮಾಡಿದ ಈ ಜ್ವರವನ್ನು ಹರಡುವ ಉಣುಗುಗಳು ಚಳಿಗಾಲದಿಂದ ಮುಂಗಾರಿನವರೆಗೆ ಒಣಗಿದ ಕಾಡಿನಲ್ಲಿ ಹೆಚ್ಚಾಗಿರುತ್ತವೆ. ಕಾಡುದಾರಿಯಲ್ಲಿ ನಡೆಯುವವರು ಮೈಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ವಿತರಿಸುವ ಡೆಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿ, ತರಗೆಲೆಯ ಮೇಲೆ ಕೂರದೆ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬಾರದು. ನಡಿಗೆಯ ನಂತರದ ವಾರದಲ್ಲಿ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು. ಯಾವುದೇ ಜ್ವರದಿಂದ ಪೂರ್ತಿ ಚೇತರಿಸಿಕೊಳ್ಳದೆ ಎತ್ತರದ ಪ್ರದೇಶಕ್ಕೆ ಹೊರಡಬಾರದು. ಕೊಡಚಾದ್ರಿಯು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯ ನಿಯಮಗಳನ್ನು ಮುಂಚಿತವಾಗಿ ವಿಚಾರಿಸುವುದೂ ಅಗತ್ಯ.

ತರಬೇತಿ ಮತ್ತು ಮೆಟ್ಟಿಲುಗಳಂತಹ ಆಯ್ಕೆ

ರಾಜ್ಯದಲ್ಲಿ ಸಾಹಸ ತರಬೇತಿಗೆಂದೇ ಇರುವ ಸರ್ಕಾರಿ ಸಂಸ್ಥೆ ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಅದಕ್ಕೆ ಹೆಸರು ನೀಡಿದ ಕೊಡಗಿನ ಸೇನಾನಿ ಕೆ.ಎಸ್. ತಿಮ್ಮಯ್ಯನವರು 1948ರ ನವೆಂಬರಿನಲ್ಲಿ 3,500 ಮೀಟರಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ತೆರೆಯಿಸಿದವರು. ಹಿಮದ ಮೇಲಿನ ತರಬೇತಿಗಾದರೆ ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ ಆರಂಭವಾದ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, ಉತ್ತರಕಾಶಿಯಲ್ಲಿ 1965ರಲ್ಲಿ ಸ್ಥಾಪನೆಯಾದ ನೆಹರೂ ಪರ್ವತಾರೋಹಣ ಸಂಸ್ಥೆ ಮತ್ತು ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಗಳು ಸುಮಾರು ನಾಲ್ಕು ವಾರಗಳ ಮೂಲ ಶಿಕ್ಷಣವನ್ನು ನೀಡುತ್ತವೆ. ತರಬೇತಿಯೂ ಅಪಾಯವನ್ನು ಪೂರ್ತಿ ಅಳಿಸಲಾರದು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಲುಕಿದವರು ತರಬೇತಿಯಲ್ಲಿದ್ದ ಪರ್ವತಾರೋಹಿಗಳೇ ಆಗಿದ್ದರು.

ಚಾರಣಗಳ ಆಯ್ಕೆಯೂ ಮೆಟ್ಟಿಲಿನಂತಿರಬೇಕು. ಮೊದಲ ಅನುಭವಕ್ಕೆ ಉತ್ತರಾಖಂಡದ ಸಾಂಕ್ರಿ ಎಂಬ ಹಳ್ಳಿಯಿಂದ ಏರುವ ಸುಮಾರು 3,800 ಮೀಟರಿನ ಕೇದಾರಕಾಂತ, ಎರಡನೆಯದಾಗಿ ಹಿಮಾಚಲದ ಸುಮಾರು 4,270 ಮೀಟರಿನ ಹಂಪ್ತಾ ಪಾಸ್, ಇವುಗಳಲ್ಲಿ ದೇಹದ ಸ್ವಭಾವ ತಿಳಿದ ಮೇಲೆ ಮಾತ್ರ 5,000 ಮೀಟರಿನ ಕಣಿವೆಗಳು ಎಂಬುದು ಒಪ್ಪಬಹುದಾದ ಕ್ರಮ. ಜನವರಿ, ಫೆಬ್ರುವರಿಯಲ್ಲಿ ಲಡಾಖಿನ ಹೆಪ್ಪುಗಟ್ಟಿದ ಜನ್ಸ್‌ಕಾರ್ ನದಿಯ ಮೇಲೆ ನಡೆಯುವ ಚಾದರ್ ಚಾರಣದಲ್ಲಿ ಏರು ಕಡಿಮೆಯಿದ್ದರೂ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿಗೂ ಕೆಳಗಿಳಿಯುವುದರಿಂದ, ಹೆಜ್ಜೆಯಡಿಯ ಮಂಜುಗಡ್ಡೆ ಒಡೆಯುವ ಭಯವೂ ಇರುವುದರಿಂದ, ಅದನ್ನು ಮೊದಲ ಹಿಮಯಾತ್ರೆಯಾಗಿ ಆರಿಸಿಕೊಳ್ಳುವುದು ವಿವೇಕವಲ್ಲ.

ಹಿಮಕುಸಿತ

ಇಳಿಜಾರಿನಲ್ಲಿ ಶೇಖರವಾದ ಹಿಮದ ಪದರಗಳ ನಡುವಿನ ಹಿಡಿತ ಸಡಿಲಿ ಒಮ್ಮೆಲೇ ಜಾರುವುದೇ ಹಿಮಕುಸಿತ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ, ಅದರಲ್ಲಿಯೂ ಹೊಸ ಹಿಮ ಬಿದ್ದ ಒಂದೆರಡು ದಿನಗಳಲ್ಲಿ ಇದು ಹೆಚ್ಚು. ಹೂತುಹೋದವರನ್ನು ಮೊದಲ ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಅಧಿಕ, ಬಳಿಕ ಅದು ಶೀಘ್ರವಾಗಿ ಕುಸಿಯುತ್ತದೆ. ಆದ್ದರಿಂದ ಹೊರಗಿನ ನೆರವಿಗಿಂತ ತಂಡದವರ ಬಳಿಯಿರುವ ಸಲಿಕೆ, ಶೋಧದಂಡ ಮತ್ತು ಸಂಕೇತ ಸಾಧನಗಳೇ ನಿರ್ಣಾಯಕ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಹತ್ತು ಸೈನಿಕರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ದೊರೆತು, ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದುದು ಕನ್ನಡಿಗರ ನೆನಪಿನಲ್ಲಿದೆ. ಅದು ಅಪರೂಪದಲ್ಲಿ ಅಪರೂಪದ ಘಟನೆಯಾದ್ದರಿಂದ ಅದನ್ನು ಭರವಸೆಯ ಅಳತೆಗೋಲಾಗಿ ಹಿಡಿಯಲಾಗದು. ಭಾರತೀಯ ಹವಾಮಾನ ಇಲಾಖೆಯ ಕಿತ್ತಳೆ, ಕೆಂಪು ಎಚ್ಚರಿಕೆಗಳಿದ್ದಾಗ ಹೊರಡದಿರುವುದೇ ಚಾರಣಿಗರ ಕೈಯಲ್ಲಿರುವ ಅತ್ಯುತ್ತಮ ರಕ್ಷಣೆ.

ಹಣ ಕೊಡುವ ಮೊದಲಿನ ಪ್ರಶ್ನೆಗಳು

ಚಾರಣ ಏರ್ಪಡಿಸುವವರನ್ನು ಕೆಲವು ನೇರ ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಅರಣ್ಯ ಇಲಾಖೆಯ ಅನುಮತಿಪತ್ರದಲ್ಲಿ ಪ್ರತಿಯೊಬ್ಬರ ಹೆಸರಿದೆಯೇ, ಎಷ್ಟು ಚಾರಣಿಗರಿಗೆ ಒಬ್ಬ ಮಾರ್ಗದರ್ಶಕ, ಆಮ್ಲಜನಕದ ಸಿಲಿಂಡರು ಮತ್ತು ರಕ್ತದ ಆಮ್ಲಜನಕ ಅಳೆಯುವ ಸಾಧನ ಇವೆಯೇ, ಕೆಟ್ಟ ಹವೆಗೆಂದು ಮೀಸಲು ದಿನಗಳಿವೆಯೇ, ಹಿಂದಿರುಗುವ ತೀರ್ಮಾನ ಯಾರದು ಎಂಬುವು ಅವುಗಳಲ್ಲಿ ಮುಖ್ಯವಾದವು. ಮೀಸಲು ದಿನವಿಲ್ಲದ ಯೋಜನೆಯಲ್ಲಿ ಮರುಪ್ರಯಾಣದ ರೈಲಿನ ಸಮಯವೇ ಬೆಟ್ಟದ ಮೇಲಿನ ನಿರ್ಧಾರಗಳನ್ನು ಆಳುತ್ತದೆ. ವಿಮೆಯನ್ನು ಕೊಳ್ಳುವಾಗ ಎಷ್ಟು ಎತ್ತರದವರೆಗೆ ಅದು ಅನ್ವಯಿಸುತ್ತದೆ, ಹೆಲಿಕಾಪ್ಟರ್ ರಕ್ಷಣೆಯ ವೆಚ್ಚ ಸೇರಿದೆಯೇ ಎಂಬುದನ್ನು ಓದಿ ತಿಳಿಯಬೇಕು. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್‌ಗಳು ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ. ಉಪಗ್ರಹ ಫೋನನ್ನು ಸರ್ಕಾರದ ಅನುಮತಿಯಿಲ್ಲದೆ ಒಯ್ಯುವುದು ಭಾರತದಲ್ಲಿ ಅಪರಾಧ. ಆದ್ದರಿಂದ ದಿನವಾರು ತಂಗುದಾಣಗಳ ಪಟ್ಟಿ, ಏರ್ಪಡಿಸಿದವರ ಸಂಪರ್ಕ ಮತ್ತು ಮರಳಬೇಕಾದ ದಿನಾಂಕವನ್ನು ಬರೆದು ಮನೆಯವರ ಕೈಯಲ್ಲಿ ಕೊಟ್ಟು ಹೋಗುವುದು ಅಗತ್ಯ.

ಹಿಂದಿರುಗುವ ಗಡುವು

ಶಿಖರ ತಲುಪಲಿ, ತಲುಪದಿರಲಿ, ಇಂತಿಷ್ಟು ಗಂಟೆಗೆ ಇಳಿಯಲು ಆರಂಭಿಸಬೇಕೆಂದು ಬೆಳಿಗ್ಗೆ ಹೊರಡುವ ಮೊದಲೇ ನಿಗದಿಪಡಿಸುವುದನ್ನು ಹಿಂದಿರುಗುವ ಗಡುವು ಎನ್ನಬಹುದು. ದಣಿದ, ಆಮ್ಲಜನಕದ ಕೊರತೆಯಿರುವ ಮಿದುಳು ಶಿಖರದ ಸಮೀಪದಲ್ಲಿ ಸರಿಯಾದ ತೀರ್ಮಾನ ಮಾಡಲಾರದಾದ್ದರಿಂದ, ತೀರ್ಮಾನವನ್ನು ಬುದ್ಧಿ ತಿಳಿಯಾಗಿದ್ದಾಗಲೇ ಮಾಡಿಟ್ಟುಕೊಳ್ಳುವುದು ಇದರ ಉದ್ದೇಶ. ಗಡುವನ್ನು ತಂಡದ ಎಲ್ಲರಿಗೂ ಗಟ್ಟಿಯಾಗಿ ಹೇಳಿರಬೇಕು. ಅತ್ಯಂತ ನಿಧಾನವಾಗಿ ನಡೆಯುವವರ ವೇಗವನ್ನೇ ತಂಡದ ವೇಗವೆಂದು ಎಣಿಸಿರಬೇಕು.

ಮಲೆನಾಡಿನವರಿಗೆ ಈ ಶಿಸ್ತು ಹೊಸದೇನೂ ಅಲ್ಲ. ಆಷಾಢದ ಮಳೆಯಲ್ಲಿ ಹಳ್ಳ ಉಕ್ಕಿ ಕಾಲುಸಂಕದ ಮೇಲೆ ನೀರು ಹರಿಯುವಾಗ, ಆಚೆ ದಡದಲ್ಲಿ ಮನೆ ಕಾಣುತ್ತಿದ್ದರೂ ತಿಳಿದವರು ಈಚೆ ದಡದಲ್ಲಿಯೇ ನಿಂತು ನೀರು ಇಳಿಯುವುದನ್ನು ಕಾಯುತ್ತಾರೆ, ಇಳಿಯದಿದ್ದರೆ ಈಚೆಯೇ ಯಾರದಾದರೂ ಮನೆಯಲ್ಲಿ ರಾತ್ರಿ ಕಳೆಯುತ್ತಾರೆ. ಅದನ್ನು ಊರಿನಲ್ಲಿ ಯಾರೂ ಹೇಡಿತನವೆಂದು ಕರೆದಿಲ್ಲ. ಬೂಟು, ಜಾಕೆಟ್ಟು, ಮಲಗುಚೀಲಗಳನ್ನು ಬಾಡಿಗೆಗೆ ಪಡೆಯಬಹುದು, ಎತ್ತರಕ್ಕೆ ಒಗ್ಗಿಕೊಳ್ಳುವುದನ್ನು ಅಲ್ಲಿಯೇ ಕಲಿಯಬಹುದು. ಸಂಕದ ಮುಂದೆ ನಿಲ್ಲುವ ಈ ತಿಳಿವಳಿಕೆಯನ್ನು ಮಾತ್ರ ಸಾಗರ, ಹೊಸನಗರ, ತೀರ್ಥಹಳ್ಳಿಯ ಚಾರಣಿಗರು ಊರಿನಿಂದಲೇ ಕೊಂಡೊಯ್ಯಬೇಕು.